ಪ್ರೊ. ಸತೀಶ್ ಧವನ್: ವಿಮಾನಯಾನದ ಸುರಕ್ಷತೆಗೆ ಅಳತೆಯ ಬುನಾದಿ ಹಾಕಿದ ವಿಜ್ಞಾನಿ

ಪೀಠಿಕೆ

ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿ ಹಾಗೂ ಅಣ್ಣಿಗೇರಿ ತಾಲ್ಲೂಕುಗಳ ಗ್ರಾಮಸ್ಥರಿಗೆ ವಿಮಾನವೆಂಬುದು ಬಹುಕಾಲ ಹೊಲದಲ್ಲಿ ಕೆಲಸ ಮಾಡುವಾಗ ತಲೆಯೆತ್ತಿ ನೋಡುವ ವಸ್ತು ಮಾತ್ರವಾಗಿತ್ತು. ಇಂದು ಪರಿಸ್ಥಿತಿ ಬದಲಾಗಿದೆ. 1974ರಲ್ಲಿ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಸ್ಥಾಪನೆಯಾದ ವಿಮಾನ ನಿಲ್ದಾಣವು ವಿಸ್ತಾರಗೊಂಡು, ಉದ್ಯೋಗ, ವ್ಯಾಸಂಗ ಮತ್ತು ಚಿಕಿತ್ಸೆಗಾಗಿ ದೂರದ ಊರುಗಳಿಗೆ ತೆರಳುವ ಗ್ರಾಮೀಣ ಕುಟುಂಬಗಳಿಗೂ ವಿಮಾನ ಪ್ರಯಾಣವು ಎಟುಕುವಂತಾಗಿದೆ. ಇದರ ಜೊತೆಗೆ ಇನ್ನೊಂದು ಸಂಬಂಧವೂ ಬೆಳೆದಿದೆ. ವಿಮಾನ ನಿಲ್ದಾಣದ ಸುತ್ತ ನಿಗದಿತ ವ್ಯಾಪ್ತಿಯಲ್ಲಿ ಬಹುಮಹಡಿ ಕಟ್ಟಡ, ಮೊಬೈಲ್ ಗೋಪುರ, ಚಿಮಣಿ ಮುಂತಾದ ಎತ್ತರದ ರಚನೆಗಳನ್ನು ನಿರ್ಮಿಸಬಯಸುವವರು ಎತ್ತರಕ್ಕೆ ಸಂಬಂಧಿಸಿದ ನಿರಾಕ್ಷೇಪಣಾ ಪತ್ರವನ್ನು ಪಡೆಯಬೇಕಾಗುತ್ತದೆ.

ಅರ್ಜಿ ಸಲ್ಲಿಸುವ ಅನೇಕ ನಾಗರಿಕರಿಗೆ ಇದು ಕಡತವನ್ನು ಬೆಳೆಸುವ ಇನ್ನೊಂದು ಕಾಗದವೆಂದು ತೋರುವುದು ಸಹಜ. ಆದರೆ ಆ ಕಾಗದದ ಹಿಂದೆ ಒಂದು ಲೆಕ್ಕವಿದೆ. ಆ ಲೆಕ್ಕದ ಹಿಂದೆ ನೂರಾರು ಜನರ ಪ್ರಾಣದ ಪ್ರಶ್ನೆಯಿದೆ. ಇಂತಹ ಲೆಕ್ಕಗಳನ್ನು ಊಹೆಯಿಂದಲ್ಲದೆ ಅಳತೆಯಿಂದ ಮಾಡಬೇಕೆಂಬ ಪದ್ಧತಿಯನ್ನು ನಮ್ಮ ದೇಶದಲ್ಲಿ, ವಿಶೇಷವಾಗಿ ನಮ್ಮ ರಾಜ್ಯದಲ್ಲಿ, ಬೇರೂರಿಸಿದವರಲ್ಲಿ ಪ್ರೊ. ಸತೀಶ್ ಧವನ್ ಅವರು ಅಗ್ರಗಣ್ಯರು. ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರಾಗಿ ಅವರು ಸರ್ವರಿಗೂ ಪರಿಚಿತರು. ವಿಮಾನಗಳ ಸುರಕ್ಷತೆಗೆ ಅವರು ಸಲ್ಲಿಸಿದ ಸೇವೆ ಅಷ್ಟಾಗಿ ಪರಿಚಿತವಲ್ಲ. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನ ಹಾಗೂ ಕಾರ್ಯವನ್ನು ಇಲ್ಲಿ ಸಂಕ್ಷಿಪ್ತವಾಗಿ ನೀಡಲಾಗಿದೆ.

ಜನನ ಹಾಗೂ ವಿದ್ಯಾಭ್ಯಾಸ

ಸತೀಶ್ ಧವನ್ ಅವರು 1920ರ ಸೆಪ್ಟೆಂಬರ್ 25ರಂದು ಶ್ರೀನಗರದಲ್ಲಿ ಜನಿಸಿದರು. ಅವರ ವಿದ್ಯಾಭ್ಯಾಸವು ಅಂದಿನ ಅವಿಭಜಿತ ಪಂಜಾಬಿನ ಲಾಹೋರಿನಲ್ಲಿ ನಡೆಯಿತು. ಅವರು ಪಡೆದ ಪದವಿಗಳ ಪಟ್ಟಿಯೇ ಅವರ ಆಸಕ್ತಿಯ ವೈವಿಧ್ಯವನ್ನು ತೋರಿಸುತ್ತದೆ. ಪಂಜಾಬ್ ವಿಶ್ವವಿದ್ಯಾಲಯದಿಂದ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಬಿ.ಎ., ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಹಾಗೂ 1945ರಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವಿಯನ್ನು ಅವರು ಪಡೆದರು.

ಇಂಜಿನಿಯರಿಂಗ್ ಪದವಿಯ ನಂತರ ಅವರು ಬೆಂಗಳೂರಿಗೆ ಬಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಸುಮಾರು ಒಂದು ವರ್ಷ ಕೆಲಸ ಮಾಡಿದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಪ್ರಯತ್ನ ಹಾಗೂ ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಆರಂಭವಾಗಿದ್ದ ಈ ಕಾರ್ಖಾನೆಯು ಎರಡನೆಯ ಮಹಾಯುದ್ಧದ ಕಾಲದಲ್ಲಿ ಯುದ್ಧವಿಮಾನಗಳ ದುರಸ್ತಿಯ ದೊಡ್ಡ ಕೇಂದ್ರವಾಗಿತ್ತು. ಬಿಚ್ಚಿಟ್ಟ ಇಂಜಿನು, ಸವೆದ ಬಿಡಿಭಾಗ, ಸಡಿಲಗೊಂಡ ರಿವೆಟ್ಟು ಇವುಗಳ ನಡುವೆ ಕಳೆದ ಈ ಅವಧಿಯು ಕಾರ್ಖಾನೆಯ ನೆಲಕ್ಕೂ ಪುಸ್ತಕದ ವಿದ್ಯೆಗೂ ಇರುವ ಅಂತರವನ್ನು ತರುಣ ಇಂಜಿನಿಯರಿಗೆ ತೋರಿಸುವಂತಹುದಾಗಿತ್ತು.

1946ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಅವರು ಅಮೆರಿಕಕ್ಕೆ ತೆರಳಿದರು. ಮಿನೆಸೋಟ ವಿಶ್ವವಿದ್ಯಾಲಯದಿಂದ 1947ರಲ್ಲಿ ಸ್ನಾತಕೋತ್ತರ ಪದವಿಯನ್ನೂ, ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಿಂದ 1949ರಲ್ಲಿ ವಿಮಾನ ಇಂಜಿನಿಯರ್ ಪದವಿಯನ್ನೂ, 1951ರಲ್ಲಿ ಡಾಕ್ಟರೇಟನ್ನೂ ಪಡೆದರು. ಪ್ರೊ. ಹಾನ್ಸ್ ಲೀಪ್‌ಮನ್ ಅವರು ಮಾರ್ಗದರ್ಶಕರಾಗಿದ್ದರು. ಅವರು ವಿದೇಶದಲ್ಲಿದ್ದಾಗಲೇ ದೇಶ ವಿಭಜನೆಯಾಗಿ, ಲಾಹೋರು ಪಾಕಿಸ್ತಾನಕ್ಕೆ ಸೇರಿತು. ಬೆಳೆದ ಊರಿಗೆ ಮರಳುವ ದಾರಿ ಮುಚ್ಚಿತು.

ಅವರ ಸಂಶೋಧನೆಯ ವಿಷಯವು ಕೇಳಲು ಸರಳ, ಮಾಡಲು ಕಠಿಣ. ವಿಮಾನದ ಮೈಮೇಲೆ ಹರಿಯುವ ಗಾಳಿಯು ಅದನ್ನು ಎಷ್ಟು ಬಲದಿಂದ ಹಿಂದಕ್ಕೆ ಎಳೆಯುತ್ತದೆ ಎಂಬುದನ್ನು ನೇರವಾಗಿ ಅಳೆಯುವುದೇ ಆ ವಿಷಯ. ಅದುವರೆಗೆ ಈ ಘರ್ಷಣೆಯನ್ನು ಬಹುತೇಕ ಬೇರೆ ಅಳತೆಗಳಿಂದ ಲೆಕ್ಕ ಹಾಕಿ ತಿಳಿಯಲಾಗುತ್ತಿತ್ತು. ಧವನ್ ಅವರು ಗಾಳಿಗೆ ಒಡ್ಡಿದ ಮೇಲ್ಮೈಯ ಒಂದು ಸಣ್ಣ ತುಣುಕನ್ನು ಪ್ರತ್ಯೇಕಿಸಿ, ಅದರ ಮೇಲೆ ಬೀಳುವ ಅತ್ಯಲ್ಪ ಎಳೆತವನ್ನು ಸೂಕ್ಷ್ಮ ಉಪಕರಣದಿಂದ ನೇರವಾಗಿ ಅಳೆದರು. ಅಳೆಯಬಹುದಾದುದನ್ನು ಅಳೆದೇ ತಿಳಿಯಬೇಕೆಂಬ ಈ ನಿಲುವು ಅವರ ಮುಂದಿನ ಎಲ್ಲ ಕಾರ್ಯಗಳಲ್ಲಿಯೂ ಕಾಣುತ್ತದೆ.

ಬೆಂಗಳೂರಿನ ಗಾಳಿಸುರಂಗಗಳು

1951ರಲ್ಲಿ ಸ್ವದೇಶಕ್ಕೆ ಮರಳಿದ ಧವನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಿರಿಯ ವೈಜ್ಞಾನಿಕ ಅಧಿಕಾರಿಯಾಗಿ ಸೇವೆಗೆ ಸೇರಿದರು. ಆ ಸಂಸ್ಥೆಯಲ್ಲಿ 1942ರಲ್ಲಿಯೇ ವಿಮಾನಶಾಸ್ತ್ರ ವಿಭಾಗವು ಆರಂಭವಾಗಿತ್ತು. ಗಡಿನಾಡಾದ ಕೊಲ್ಹಾಪುರ ಪ್ರಾಂತ್ಯದಿಂದ ಬಂದ ಡಾ. ವಿ. ಎಂ. ಘಾಟಗೆ ಅವರು ಅದರ ಆರಂಭಿಕ ಅಧ್ಯಾಪಕರು. ಅವರ ಮುಂದಾಳತ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ವಿನ್ಯಾಸಗೊಳಿಸಿದ ಎಚ್‌ಟಿ-2 ತರಬೇತಿ ವಿಮಾನವು ಅದೇ 1951ರಲ್ಲಿ ಮೊದಲ ಹಾರಾಟ ನಡೆಸಿತು.

ವಿಮಾನವನ್ನು ಗಾಳಿಗೆ ಬಿಟ್ಟು ಪರೀಕ್ಷಿಸುವ ಮೊದಲು ಅದರ ಮಾದರಿಯನ್ನು ಗಾಳಿಸುರಂಗದಲ್ಲಿ ಪರೀಕ್ಷಿಸಬೇಕು. ಸುರಂಗದಲ್ಲಿ ಮಾದರಿಯು ನಿಂತಿರುತ್ತದೆ, ಗಾಳಿಯು ಅದರ ಮೇಲೆ ವೇಗವಾಗಿ ಹಾಯುತ್ತದೆ. ರೆಕ್ಕೆಯು ಎಷ್ಟು ಭಾರವನ್ನು ಎತ್ತಬಲ್ಲದು, ಯಾವ ಕೋನದಲ್ಲಿ ಎತ್ತುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಬಾಲದ ಭಾಗವು ವಿಮಾನವನ್ನು ಸ್ಥಿರವಾಗಿ ಹಿಡಿಯುತ್ತದೆಯೇ ಎಂಬುದು ಅಲ್ಲಿ ತಿಳಿಯುತ್ತದೆ. ಸುರಂಗದಲ್ಲಿ ಕಂಡ ದೋಷಕ್ಕೆ ತಗಲುವುದು ಕಾಗದ ಮತ್ತು ಸಮಯ. ಆಕಾಶದಲ್ಲಿ ಕಂಡ ದೋಷಕ್ಕೆ ತೆರಬೇಕಾದ ಬೆಲೆಯೇ ಬೇರೆ.

ಧವನ್ ಅವರ ಬಳಿ ಹೆಚ್ಚು ಹಣವಿರಲಿಲ್ಲ. ಶಬ್ದದ ವೇಗವನ್ನು ಮೀರಿದ ಗಾಳಿಯ ಹರಿವನ್ನು ಅಭ್ಯಸಿಸಲು ಅವರು ಮೊದಲು ಕಟ್ಟಿದ ಸುರಂಗದ ಪರೀಕ್ಷಾ ಭಾಗವು ಕೇವಲ 1 ಅಂಗುಲಕ್ಕೆ 3 ಅಂಗುಲದಷ್ಟಿತ್ತು. ದೇಶದಲ್ಲಿ ಈ ಬಗೆಯ ಮೊದಲ ಸುರಂಗವದು. ಅನಂತರ 5 ಅಂಗುಲಕ್ಕೆ 7 ಅಂಗುಲದ ಇನ್ನೊಂದು ಸುರಂಗ ಬಂದಿತು. ಸ್ಥಳೀಯವಾಗಿ ದೊರೆಯುವ ಸಾಮಗ್ರಿ ಹಾಗೂ ಸಂಸ್ಥೆಯದೇ ಕಮ್ಮಟದ ಕೆಲಸಗಾರರ ನೈಪುಣ್ಯದಿಂದ ಪ್ರಯೋಗಾಲಯವು ಬೆಳೆಯಿತು. 1955ರಲ್ಲಿ ಅವರು ವಿಭಾಗದ ಪ್ರಾಧ್ಯಾಪಕರೂ ಮುಖ್ಯಸ್ಥರೂ ಆದರು. ಸಂಸ್ಥೆಯ ಆವರಣದಲ್ಲಿ 14 ಅಡಿಗೆ 9 ಅಡಿ ಅಳತೆಯ ದೊಡ್ಡ ಕಡಿಮೆ ವೇಗದ ಗಾಳಿಸುರಂಗವೂ ತಲೆಯೆತ್ತಿತು.

1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಮರುವರ್ಷ ಬೆಂಗಳೂರಿಗೆ ಬಂದಿತು. ಅಲ್ಲಿ 1967ರಲ್ಲಿ ಕಾರ್ಯಾರಂಭ ಮಾಡಿದ 1.2 ಮೀಟರ್ ಅಳತೆಯ ಗಾಳಿಸುರಂಗದ ಯೋಜನೆಗೆ ಧವನ್ ಅವರ ಅನುಭವವು ನೆರವಾಯಿತು. ಶಬ್ದದ ವೇಗಕ್ಕಿಂತ ಕಡಿಮೆ, ಅದರ ಆಸುಪಾಸಿನ ಹಾಗೂ ಅದನ್ನು ಮೀರಿದ ವೇಗಗಳಲ್ಲಿ ಪರೀಕ್ಷೆ ನಡೆಸಬಲ್ಲ ಈ ಸುರಂಗದಲ್ಲಿ ದೇಶದ ವಿಮಾನಗಳೂ ರಾಕೆಟ್ಟುಗಳೂ ಪರೀಕ್ಷೆಗೆ ಒಳಗಾಗಿವೆ.

ಹಾರಾಟ ಯೋಗ್ಯತೆ ಎಂದರೇನು

ಧವನ್ ಅವರ ಮುಂದಿನ ಕಾರ್ಯವನ್ನು ಅರಿಯಲು ಹಾರಾಟ ಯೋಗ್ಯತೆ ಎಂಬ ಪದದ ಅರ್ಥವನ್ನು ತಿಳಿಯುವುದು ಅವಶ್ಯಕ. 1944ರ ಡಿಸೆಂಬರ್ 7ರಂದು ಅಮೆರಿಕದ ಷಿಕಾಗೋ ನಗರದಲ್ಲಿ ಹಲವು ರಾಷ್ಟ್ರಗಳು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನದ ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಅನುಬಂಧಗಳಲ್ಲಿ ಒಂದು ವಿಮಾನಗಳ ಹಾರಾಟ ಯೋಗ್ಯತೆಗೆ, ಇನ್ನೊಂದು ಅಪಘಾತಗಳ ತನಿಖೆಗೆ, ಮತ್ತೊಂದು ವಿಮಾನ ನಿಲ್ದಾಣಗಳಿಗೆ ಸಂಬಂಧಿಸಿದೆ. ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ವಿಮಾನಗಳಿಗೆ ಹಾರಾಟ ಯೋಗ್ಯತೆಯ ಪ್ರಮಾಣಪತ್ರವನ್ನು ನೀಡುತ್ತದೆ. ಈ ಪತ್ರವಿಲ್ಲದೆ ಯಾವ ವಿಮಾನವೂ ಪ್ರಯಾಣಿಕರನ್ನು ಕೊಂಡೊಯ್ಯುವಂತಿಲ್ಲ.

ಪ್ರಮಾಣಪತ್ರವೊಂದೇ ಜೀವವನ್ನು ಕಾಯಲಾರದೆಂಬುದನ್ನು ಕಾಮೆಟ್ ವಿಮಾನಗಳ ದುರಂತವು ಜಗತ್ತಿಗೆ ತೋರಿಸಿತು. ಬ್ರಿಟನ್ ನಿರ್ಮಿಸಿದ ಕಾಮೆಟ್, ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ವಿಮಾನ. 1953ರ ಮೇ ತಿಂಗಳಲ್ಲಿ ಅದರಲ್ಲೊಂದು ಕಲ್ಕತ್ತಾದಿಂದ ಮೇಲೇರಿದ ಕೆಲವೇ ನಿಮಿಷಗಳಲ್ಲಿ ಬಿರುಗಾಳಿಗೆ ಸಿಲುಕಿ ಮುರಿದು ಬಿದ್ದು, ಅದರಲ್ಲಿದ್ದ 43 ಜನರೂ ಮೃತಪಟ್ಟರು. 1954ರ ಜನವರಿ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ಇನ್ನೆರಡು ಕಾಮೆಟ್‌ಗಳು ಶಾಂತವಾದ ಆಕಾಶದಲ್ಲಿಯೇ ಸಿಡಿದು ಸಮುದ್ರಕ್ಕೆ ಬಿದ್ದವು. ತನಿಖೆಗಾಗಿ ಒಂದು ಇಡೀ ವಿಮಾನವನ್ನು ನೀರಿನ ತೊಟ್ಟಿಯಲ್ಲಿಟ್ಟು, ಒಳಗಿನ ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಲಾಯಿತು. ತಂತಿಯನ್ನು ಪದೇ ಪದೇ ಬಗ್ಗಿಸಿದರೆ ಅದು ತುಂಡಾಗುವಂತೆ, ಸಾವಿರಾರು ಏರಿಳಿತಗಳ ನಂತರ ವಿಮಾನದ ಲೋಹದ ಹೊದಿಕೆಯು ಬಿರುಕು ಬಿಟ್ಟಿತು. ಲೋಹದ ದಣಿವು ಎಂದು ಕರೆಯಲಾಗುವ ಈ ದೋಷವನ್ನು ಅರಿತ ಮೇಲೆ ವಿಮಾನಗಳ ವಿನ್ಯಾಸ, ತಪಾಸಣೆ ಮತ್ತು ಬಿಡಿಭಾಗಗಳ ಆಯುಷ್ಯದ ಲೆಕ್ಕ ಎಲ್ಲವೂ ಬದಲಾದವು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಲೋಹದ ದಣಿವಿನ ಪರೀಕ್ಷೆಯಲ್ಲಿ ದೇಶದ ಪ್ರಮುಖ ಕೇಂದ್ರವಾಗಿ ಬೆಳೆಯಿತು.

ಅವ್ರೋ ವಿಮಾನದ ಪರಿಶೀಲನೆ

1962ರಲ್ಲಿ, ತಮ್ಮ 42ನೆಯ ವಯಸ್ಸಿನಲ್ಲಿ, ಧವನ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. 1981ರವರೆಗೆ ಆ ಸ್ಥಾನದಲ್ಲಿ ಮುಂದುವರಿದರು. ಈ ಅವಧಿಯಲ್ಲಿ, 1970ರ ದಶಕದ ಆರಂಭದಲ್ಲಿ, ನಾಗರಿಕ ವಿಮಾನ ಸುರಕ್ಷತೆಯ ಒಂದು ಗಂಭೀರ ಪ್ರಶ್ನೆಯು ಅವರ ಮುಂದೆ ಬಂದಿತು.

ಎಚ್‌ಎಸ್-748 ಎಂಬುದು ಎರಡು ಟರ್ಬೊಪ್ರಾಪ್ ಇಂಜಿನುಗಳ ಬ್ರಿಟಿಷ್ ವಿನ್ಯಾಸದ ವಿಮಾನ. ಜನರ ಬಾಯಲ್ಲಿ ಅದು ಅವ್ರೋ ಎಂದೇ ಹೆಸರಾಯಿತು. ಭಾರತದಲ್ಲಿ ಅದನ್ನು ಕಾನ್ಪುರದಲ್ಲಿ ತಯಾರಿಸಲಾಗುತ್ತಿತ್ತು. ಅಲ್ಲಿ ತಯಾರಾದ 89 ವಿಮಾನಗಳಲ್ಲಿ 72 ವಾಯುಪಡೆಗೂ 17 ಇಂಡಿಯನ್ ಏರ್‌ಲೈನ್ಸ್‌ಗೂ ಸೇರಿದವು. ದೇಶದ ಚಿಕ್ಕ ಊರುಗಳ ಚಿಕ್ಕ ರನ್‌ವೇಗಳಿಗೆ ಸೇವೆ ನೀಡಲು ಇಂತಹ ವಿಮಾನ ಅವಶ್ಯವಾಗಿತ್ತು. ಆದರೆ ನಾಗರಿಕ ಸೇವೆಯಲ್ಲಿ ಈ ವಿಮಾನದ ಹಾರಾಟ ಯೋಗ್ಯತೆಯ ಬಗ್ಗೆ ಸಂಶಯಗಳು ತಲೆದೋರಿ, ವಿಷಯವು ಸಾರ್ವಜನಿಕ ಚರ್ಚೆಗೆ ಬಂದಿತು.

ಪ್ರಶ್ನೆಯು ಸೂಕ್ಷ್ಮವಾಗಿತ್ತು. ಒಂದು ಕಡೆ ಸ್ವದೇಶದಲ್ಲಿ ತಯಾರಾದ ವಿಮಾನದ ಗೌರವ, ಕಾರ್ಖಾನೆಯ ಶ್ರಮ, ಸರ್ಕಾರ ತೊಡಗಿಸಿದ ಹಣ. ಇನ್ನೊಂದು ಕಡೆ ಟಿಕೆಟ್ ಕೊಂಡು ನಂಬಿಕೆಯಿಂದ ಒಳಗೆ ಕೂರುವ ಪ್ರಯಾಣಿಕ. ವಿಮಾನ ಸುರಕ್ಷಿತವಲ್ಲವೆಂದು ಆಧಾರವಿಲ್ಲದೆ ಹೇಳಿದರೆ ಉದ್ಯಮಕ್ಕೆ ಅನ್ಯಾಯ. ಸುರಕ್ಷಿತವೆಂದು ಆಧಾರವಿಲ್ಲದೆ ಹೇಳಿದರೆ ಪ್ರಾಣಹಾನಿ. ಪರಿಶೀಲನೆಗಾಗಿ ಸರ್ಕಾರವು ಸಮಿತಿಯೊಂದನ್ನು ನೇಮಿಸಿ, ಧವನ್ ಅವರಿಗೆ ಅದರ ನೇತೃತ್ವವನ್ನು ವಹಿಸಿತು. ಅವರ ಶಿಷ್ಯರೂ ಸಹೋದ್ಯೋಗಿಗಳೂ ಆದ ಪ್ರೊ. ರೊದ್ದಂ ನರಸಿಂಹ ಅವರು ಈ ಕಾರ್ಯದಲ್ಲಿ ನೆರವಾದರು.

ಇಂತಹ ಪರಿಶೀಲನೆಯಲ್ಲಿ ಮುಖ್ಯವಾಗಿ ಕೇಳಬೇಕಾದ ಪ್ರಶ್ನೆಯನ್ನು ಸಾಮಾನ್ಯ ಓದುಗರೂ ಅರಿಯಬಹುದು. ಎರಡು ಇಂಜಿನಿನ ವಿಮಾನವು ರನ್‌ವೇಯಲ್ಲಿ ಓಡುತ್ತಿರುವಾಗ ಒಂದು ಇಂಜಿನು ಕೆಟ್ಟರೆ ಏನಾಗಬೇಕು? ನಿರ್ಧಾರದ ವೇಗವೆಂದು ಕರೆಯಲಾಗುವ ಒಂದು ಗೊತ್ತಾದ ವೇಗಕ್ಕಿಂತ ಮೊದಲು ಕೆಟ್ಟರೆ ಪೈಲಟ್ ವಿಮಾನವನ್ನು ನಿಲ್ಲಿಸಬೇಕು, ಉಳಿದ ರನ್‌ವೇ ಅದಕ್ಕೆ ಸಾಲಬೇಕು. ಆ ವೇಗವನ್ನು ದಾಟಿದ ಮೇಲೆ ಕೆಟ್ಟರೆ ನಿಲ್ಲಿಸುವಂತಿಲ್ಲ. ಉಳಿದ ಒಂದೇ ಇಂಜಿನಿನ ಬಲದಿಂದ ಮೇಲೇರಬೇಕು. ಹಾಗೆ ಏರುವಾಗ ಏರಿಕೆಯು ಕನಿಷ್ಠ ಎಷ್ಟಿರಬೇಕೆಂದು ನಿಯಮವಿದೆ. ಎರಡು ಇಂಜಿನಿನ ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಇಂದು ಪ್ರಚಲಿತವಿರುವ ನಿಯಮದಂತೆ, ಚಕ್ರಗಳನ್ನು ಒಳಗೆಳೆದುಕೊಂಡ ನಂತರದ ಹಂತದಲ್ಲಿ ಈ ಏರಿಕೆಯು ಕನಿಷ್ಠ ಶೇ. 2.4 ಇರಬೇಕು. ಅಂದರೆ 100 ಮೀಟರ್ ಮುಂದೆ ಸಾಗುವಷ್ಟರಲ್ಲಿ 2.4 ಮೀಟರ್ ಮೇಲೇರಬೇಕು.

ಈ ಅಂಕಿಯು ಎಷ್ಟು ಚಿಕ್ಕದೆಂಬುದನ್ನು ಗಮನಿಸಬೇಕು. ಒಂದು ಕಿಲೋಮೀಟರ್ ಸಾಗಿದರೂ ವಿಮಾನವು ಏರುವುದು ಸುಮಾರು 24 ಮೀಟರ್, ಅಂದರೆ ಏಳೆಂಟು ಅಂತಸ್ತಿನ ಕಟ್ಟಡದಷ್ಟು ಎತ್ತರಕ್ಕೆ ಮಾತ್ರ. ಬಿಸಿಲಿನ ದಿನ ಗಾಳಿಯು ತೆಳುವಾಗುತ್ತದೆ. ಎತ್ತರದ ಪ್ರದೇಶದಲ್ಲಿಯೂ ಹಾಗೆಯೇ. ತೆಳುವಾದ ಗಾಳಿಯಲ್ಲಿ ಇಂಜಿನಿನ ಬಲವೂ ರೆಕ್ಕೆಯ ಎತ್ತುವ ಶಕ್ತಿಯೂ ಕುಗ್ಗುತ್ತವೆ. ಹುಬ್ಬಳ್ಳಿ ವಿಮಾನ ನಿಲ್ದಾಣವು ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಅಲ್ಲಿಂದ ಹೊರಡುವ ವಿಮಾನವು ಸಮುದ್ರತೀರದಲ್ಲಿ ತಂಪು ಬೆಳಗಿನಲ್ಲಿ ಹೊರಡುವ ಅದೇ ವಿಮಾನದಷ್ಟು ಭಾರವನ್ನು ಹೊರಲಾಗದಿರಬಹುದು. ಭಾರ ಕಡಿಮೆ ಮಾಡುವುದೊಂದೇ ಆಗ ಇರುವ ಉಪಾಯ. ಕೆಲವೊಮ್ಮೆ ಪ್ರಯಾಣಿಕರ ಸಂಖ್ಯೆಯನ್ನು ಅಥವಾ ಸರಕನ್ನು ಮಿತಗೊಳಿಸುವುದು ಈ ಕಾರಣದಿಂದಲೇ.

ಆದ್ದರಿಂದ ಒಂದು ವಿಮಾನವು ಸುರಕ್ಷಿತವೇ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಮಾತಿನ ಉತ್ತರವಿಲ್ಲ. ಎಷ್ಟು ಭಾರಕ್ಕೆ, ಎಷ್ಟು ಬಿಸಿಲಿಗೆ, ಎಷ್ಟು ಎತ್ತರದ ನಿಲ್ದಾಣಕ್ಕೆ, ಎಷ್ಟು ಉದ್ದದ ರನ್‌ವೇಗೆ ಎಂದು ಕೇಳಬೇಕು. ತಯಾರಕರ ಕೈಪಿಡಿಯಲ್ಲಿ ಅಂಕಿಗಳಿರುತ್ತವೆ. ಆದರೆ ಒಂದೇ ವಿನ್ಯಾಸದ ಎರಡು ವಿಮಾನಗಳು ಕೂಡ ಅಚ್ಚಿನಲ್ಲಿ ಒತ್ತಿದಂತೆ ಒಂದೇ ಸಮನಾಗಿ ಏರುವುದಿಲ್ಲ. ಅವ್ರೋ ಪರಿಶೀಲನೆಯಲ್ಲಿ ಧವನ್ ಅವರು ಅಭಿಪ್ರಾಯಗಳ ತೂಕವನ್ನು ನೋಡಲಿಲ್ಲ. ವಿಮಾನದ ನೈಜ ಸಾಮರ್ಥ್ಯದ ಅಳತೆ ಹಾಗೂ ಅದರ ವೈಜ್ಞಾನಿಕ ವಿಶ್ಲೇಷಣೆಯನ್ನು ನಿರ್ಣಯದ ಆಧಾರವಾಗಿಸಿದರು. ಈ ಪರಿಶೀಲನೆಯ ನಂತರವೂ ಅವ್ರೋ ವಿಮಾನಗಳು ಒಂದು ದಶಕಕ್ಕೂ ಹೆಚ್ಚು ಕಾಲ ನಾಗರಿಕ ಸೇವೆಯಲ್ಲಿ ಮುಂದುವರಿದವು.

ವಿಮಾನವೊಂದು ಯೋಗ್ಯವಾಗಿದ್ದರೂ ಅಷ್ಟರಿಂದಲೇ ಸುರಕ್ಷತೆಯು ಪೂರ್ಣವಾಗುವುದಿಲ್ಲವೆಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ನಿದರ್ಶನಗಳಿವೆ. 1981ರ ಆಗಸ್ಟ್ 19ರಂದು ಮಂಗಳೂರಿನ ಬಜ್ಪೆಯಲ್ಲಿ ಇದೇ ಮಾದರಿಯ ಅವ್ರೋ ವಿಮಾನವೊಂದು ಮಳೆಯಿಂದ ಒದ್ದೆಯಾಗಿದ್ದ ರನ್‌ವೇಯನ್ನು ಮೀರಿ ಕಣಿವೆಯ ಅಂಚಿಗೆ ಹೋಯಿತು. ಅದೃಷ್ಟವಶಾತ್ ಎಲ್ಲರೂ ಬದುಕಿ ಉಳಿದರು. 2010ರ ಮೇ 22ರಂದು ಅದೇ ನಿಲ್ದಾಣದಲ್ಲಿ ಬೇರೊಂದು ಮಾದರಿಯ ವಿಮಾನವು ರನ್‌ವೇ ಮೀರಿ ಕಣಿವೆಗೆ ಬಿದ್ದಾಗ 158 ಜನರು ಮೃತಪಟ್ಟು, ಕೇವಲ 8 ಜನರು ಉಳಿದರು. ಸ್ಥಿರವಲ್ಲದ ಇಳಿಕೆಯನ್ನು ಕೈಬಿಟ್ಟು ಮತ್ತೆ ಮೇಲೇರದೆ ಹೋದುದೇ ಅದರ ನೇರ ಕಾರಣವೆಂದು ತನಿಖೆಯು ಕಂಡುಕೊಂಡಿತು. ಹುಬ್ಬಳ್ಳಿಯಲ್ಲಿಯೂ 2015ರ ಮಾರ್ಚ್ 8ರಂದು ಮಳೆಯ ನಡುವೆ ಇಳಿದ ವಿಮಾನವೊಂದು ರನ್‌ವೇಯಿಂದ ಪಕ್ಕಕ್ಕೆ ಜಾರಿತು, ಪ್ರಾಣಹಾನಿಯಾಗಲಿಲ್ಲ. ಯಂತ್ರ, ರನ್‌ವೇ, ಹವಾಮಾನ ಮತ್ತು ಮನುಷ್ಯನ ನಿರ್ಧಾರ ಈ ನಾಲ್ಕೂ ಕೂಡಿದಾಗಲೇ ಪ್ರಯಾಣವು ಸುರಕ್ಷಿತವಾಗುತ್ತದೆ.

ಬಾಹ್ಯಾಕಾಶ ಇಲಾಖೆ ಮತ್ತು ವೈಫಲ್ಯದ ಹೊಣೆ

1971ರ ಡಿಸೆಂಬರ್ 30ರಂದು ಡಾ. ವಿಕ್ರಮ್ ಸಾರಾಭಾಯಿ ಅವರು ಹಠಾತ್ತನೆ ನಿಧನರಾದರು. ಆಗ ಧವನ್ ಅವರು ಕ್ಯಾಲಿಫೋರ್ನಿಯಾದಲ್ಲಿದ್ದರು. ಬಾಹ್ಯಾಕಾಶ ಕಾರ್ಯಕ್ರಮದ ಹೊಣೆಯನ್ನು ವಹಿಸಿಕೊಳ್ಳುವಂತೆ ಪ್ರಧಾನಿ ಇಂದಿರಾ ಗಾಂಧಿ ಅವರು ಕೋರಿದಾಗ ಧವನ್ ಅವರು ಎರಡು ಷರತ್ತುಗಳನ್ನು ಮುಂದಿಟ್ಟರು. ಸಂಸ್ಥೆಯ ಕೇಂದ್ರ ಕಚೇರಿಯು ಬೆಂಗಳೂರಿನಲ್ಲಿರಬೇಕು ಹಾಗೂ ತಾವು ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ಮುಂದುವರಿಯಬೇಕು ಎಂಬುದೇ ಅವು. ಎರಡನ್ನೂ ಸರ್ಕಾರ ಒಪ್ಪಿತು. 1972ರಿಂದ 1984ರವರೆಗೆ ಅವರು ಇಸ್ರೋ ಅಧ್ಯಕ್ಷರಾಗಿದ್ದರು.

1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಮೇಲೇರಿದ ಎಸ್‌ಎಲ್‌ವಿ-3 ರಾಕೆಟ್ಟಿನ ಮೊದಲ ಪ್ರಯೋಗವು ವಿಫಲವಾಗಿ, ರಾಕೆಟ್ಟು ಬಂಗಾಳ ಕೊಲ್ಲಿಗೆ ಬಿದ್ದಿತು. ಯೋಜನೆಯ ನಿರ್ದೇಶಕರು ಡಾ. ಎ.ಪಿ.ಜೆ. ಅಬ್ದುಲ್ ಕಲಾಂ. ಪತ್ರಕರ್ತರನ್ನು ಎದುರಿಸುವ ಹೊಣೆಯನ್ನು ಧವನ್ ಅವರು ತಾವೇ ಹೊತ್ತು, ವೈಫಲ್ಯವನ್ನು ಸಂಸ್ಥೆಯ ಮುಖ್ಯಸ್ಥರಾಗಿ ತಮ್ಮದೆಂದು ಒಪ್ಪಿಕೊಂಡರು. ಕಾರಣವನ್ನು ಹುಡುಕಿದಾಗ ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಉಂಟಾದ ಸೋರಿಕೆಯು ಕಂಡುಬಂದಿತು. ದೋಷವನ್ನು ಸರಿಪಡಿಸಿ 1980ರ ಜುಲೈ 18ರಂದು ನಡೆಸಿದ ಪ್ರಯೋಗವು ಯಶಸ್ವಿಯಾದಾಗ, ಅವರು ತಾವು ಹಿಂದೆ ಸರಿದು ಕಲಾಂ ಅವರನ್ನು ಪತ್ರಕರ್ತರ ಮುಂದೆ ಕಳುಹಿಸಿದರು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಅವರ ದೊಡ್ಡತನಕ್ಕೆ ನಿದರ್ಶನವಾಗಿ ಹೇಳಲಾಗುತ್ತದೆ. ಸುರಕ್ಷತೆಯ ದೃಷ್ಟಿಯಿಂದ ಅದಕ್ಕೆ ಇನ್ನೊಂದು ಮಹತ್ವವಿದೆ. ತಪ್ಪಿಗೆ ಶಿಕ್ಷೆ ಕಾದಿದೆಯೆಂದು ಭಯಪಡುವ ಕೆಲಸಗಾರನು ತಪ್ಪನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟ ತಪ್ಪು ಮತ್ತೊಮ್ಮೆ ಬೀಳಿಸುತ್ತದೆ. ಅಪಘಾತಗಳ ತನಿಖೆಯ ಉದ್ದೇಶವು ಯಾರನ್ನಾದರೂ ದೂಷಿಸುವುದಲ್ಲ, ಅದು ಮರುಕಳಿಸದಂತೆ ತಡೆಯುವುದು ಎಂದು ಅಂತರರಾಷ್ಟ್ರೀಯ ನಿಯಮವೂ ಹೇಳುತ್ತದೆ. ಇದೇ ಉದ್ದೇಶದಿಂದ ಭಾರತದಲ್ಲಿ 2012ರಲ್ಲಿ ವಿಮಾನ ಅಪಘಾತ ತನಿಖಾ ಬ್ಯೂರೋವನ್ನು ಪ್ರತ್ಯೇಕವಾಗಿ ಸ್ಥಾಪಿಸಲಾಯಿತು.

ಧವನ್ ಅವರ ಕಾಲದಲ್ಲಿ ರೂಪುಗೊಂಡ ಇನ್ಸಾಟ್ ಉಪಗ್ರಹ ವ್ಯವಸ್ಥೆಯು ವಿಮಾನಯಾನಕ್ಕೂ ನೆರವಾಯಿತು. 1983ರ ಆಗಸ್ಟ್‌ನಲ್ಲಿ ಉಡಾವಣೆಯಾದ ಇನ್ಸಾಟ್-1ಬಿ ಮೋಡಗಳ ಚಿತ್ರಗಳನ್ನು ನಿರಂತರವಾಗಿ ಕಳುಹಿಸತೊಡಗಿದ ಮೇಲೆ ಚಂಡಮಾರುತ ಹಾಗೂ ಗುಡುಗುಮಳೆಯ ಮುನ್ಸೂಚನೆಯು ಸುಧಾರಿಸಿತು. ಮುಂದೆ ಇಸ್ರೋ ಹಾಗೂ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರಗಳು ಜೊತೆಗೂಡಿ ರೂಪಿಸಿದ ಗಗನ್ ವ್ಯವಸ್ಥೆಯು ಉಪಗ್ರಹಗಳ ಮೂಲಕ ವಿಮಾನದ ಸ್ಥಾನವನ್ನು ಹೆಚ್ಚು ನಿಖರವಾಗಿ ತಿಳಿಸುತ್ತದೆ. ಇಳಿಯುವ ಹಂತಕ್ಕೂ ಅದನ್ನು ಬಳಸಲು 2015ರಲ್ಲಿ ಮಾನ್ಯತೆ ದೊರೆಯಿತು.

ಗ್ರಾಮಗಳತ್ತ ವಿಜ್ಞಾನ

ಧವನ್ ಅವರ ದೃಷ್ಟಿಯು ಆಕಾಶಕ್ಕೆ ಸೀಮಿತವಾಗಿರಲಿಲ್ಲ. ಅವರು ನಿರ್ದೇಶಕರಾಗಿದ್ದಾಗ, 1974ರಲ್ಲಿ, ವಿಜ್ಞಾನ ಸಂಸ್ಥೆಯಲ್ಲಿ ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವ ಅಸ್ತ್ರ ಎಂಬ ಕೇಂದ್ರವು ಪ್ರೊ. ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಆರಂಭವಾಯಿತು. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಅದರ ಕ್ಷೇತ್ರ ಕೇಂದ್ರವಿತ್ತು. ಕಡಿಮೆ ಸೌದೆಯಲ್ಲಿ ಅಡುಗೆ ಮಾಡಿ, ಹೊಗೆಯನ್ನು ಕೊಳವೆಯ ಮೂಲಕ ಹೊರಹಾಕುವ ಅಸ್ತ್ರ ಒಲೆಯು ಇಲ್ಲಿಂದಲೇ ರಾಜ್ಯದ ಅನೇಕ ಗ್ರಾಮಗಳ ಅಡುಗೆಮನೆಗಳಿಗೆ ಬಂದಿತು. ಒಲೆಯಲ್ಲಿ ಗಾಳಿ ಹೇಗೆ ಹರಿಯುತ್ತದೆ, ಶಾಖವು ಎಲ್ಲಿ ನಷ್ಟವಾಗುತ್ತದೆ ಎಂಬುದನ್ನೂ ಅಲ್ಲಿ ಅಳೆದೇ ತಿಳಿಯಲಾಯಿತು. ವಿಮಾನದ ರೆಕ್ಕೆಗೆ ಸಲ್ಲುವ ವಿಧಾನವು ಗೃಹಿಣಿಯ ಒಲೆಗೂ ಸಲ್ಲುತ್ತದೆಂಬುದಕ್ಕೆ ಇದು ಸಾಕ್ಷಿ.

ಕೊನೆಯ ವರ್ಷಗಳು ಹಾಗೂ ಗೌರವಗಳು

ಬಾಹ್ಯಾಕಾಶ ಇಲಾಖೆಯಿಂದ ನಿವೃತ್ತರಾದ ನಂತರ ಧವನ್ ಅವರು ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ಸಂಶೋಧನಾ ಮಂಡಳಿಯ ಅಧ್ಯಕ್ಷರಾಗಿ ಕಾರ್ಯನಿರ್ವಹಿಸಿದರು. ಈ ಪ್ರಯೋಗಾಲಯವು ರೂಪಿಸಿದ ಎರಡು ಆಸನಗಳ ಹಂಸ ತರಬೇತಿ ವಿಮಾನವು 1993ರಲ್ಲಿ ಮೊದಲ ಬಾರಿಗೆ ಹಾರಿತು. ಅದಕ್ಕೆ ಮಹಾನಿರ್ದೇಶನಾಲಯದ ಪ್ರಮಾಣಪತ್ರ ದೊರೆತದ್ದು 2000ರಲ್ಲಿ. ಹಾರಬಲ್ಲ ವಿಮಾನವನ್ನು ನಂಬಬಲ್ಲ ವಿಮಾನವೆಂದು ಸಾಬೀತುಪಡಿಸಲು ಏಳು ವರ್ಷಗಳು ಬೇಕಾದವು.

ವಿಮಾನಗಳಿಗಿಂತ ಮೊದಲೇ ಹಾರಾಟವನ್ನು ಕಲಿತ ಪಕ್ಷಿಗಳ ಬಗ್ಗೆಯೂ ಅವರಿಗೆ ಅಪಾರ ಕುತೂಹಲವಿತ್ತು. ಶ್ರೀಹರಿಕೋಟಾದ ಪಕ್ಕದ ಪುಲಿಕಾಟ್ ಸರೋವರಕ್ಕೆ ಬರುವ ಹಕ್ಕಿಗಳನ್ನು ಅವರು ಆಸಕ್ತಿಯಿಂದ ಗಮನಿಸುತ್ತಿದ್ದರು. ಪಕ್ಷಿಗಳ ಹಾರಾಟವನ್ನು ವಿಮಾನಶಾಸ್ತ್ರದ ದೃಷ್ಟಿಯಿಂದ ವಿವರಿಸುವ ಗ್ರಂಥವನ್ನೂ ರಚಿಸಿದರು.

ಭಾರತ ಸರ್ಕಾರವು ಅವರಿಗೆ 1971ರಲ್ಲಿ ಪದ್ಮಭೂಷಣ ಹಾಗೂ 1981ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳನ್ನು ನೀಡಿ ಗೌರವಿಸಿತು. 2002ರ ಜನವರಿ 3ರಂದು, 81ನೆಯ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲಿ ನಿಧನರಾದರು. ಅದೇ ವರ್ಷ ಶ್ರೀಹರಿಕೋಟಾದ ಉಡಾವಣಾ ಕೇಂದ್ರಕ್ಕೆ ಸತೀಶ್ ಧವನ್ ಬಾಹ್ಯಾಕಾಶ ಕೇಂದ್ರವೆಂದು ನಾಮಕರಣ ಮಾಡಲಾಯಿತು.

ಸಾರ್ವಜನಿಕರ ಗಮನಕ್ಕೆ

ಧವನ್ ಅವರು ಕೈಗೊಂಡಂತಹ ಲೆಕ್ಕಗಳಿಗೂ ಎತ್ತರದ ಕಟ್ಟಡದ ಅರ್ಜಿಗೂ ಇರುವ ಸಂಬಂಧವನ್ನು ಈಗ ಸುಲಭವಾಗಿ ಅರಿಯಬಹುದು. ಒಂದೇ ಇಂಜಿನಿನಿಂದ ಏರುವ ವಿಮಾನವು 100 ಮೀಟರ್‌ಗೆ ಎರಡು ಚಿಲ್ಲರೆ ಮೀಟರ್ ಮಾತ್ರ ಏರುವುದರಿಂದ, ಅದರ ದಾರಿಯಲ್ಲಿ ಯಾವ ಅಡೆತಡೆಯೂ ಇರಕೂಡದು. ಆದಕಾರಣ ದೊಡ್ಡ ರನ್‌ವೇಯ ತುದಿಯಾಚೆಯಿಂದ 100 ಮೀಟರ್‌ಗೆ 2 ಮೀಟರ್‌ನಂತೆ ಏರುವ ಒಂದು ಕಾಲ್ಪನಿಕ ಇಳಿಜಾರನ್ನು ಅಂತರರಾಷ್ಟ್ರೀಯ ನಿಯಮಗಳು ಗುರುತಿಸಿವೆ. ಹೊಸ ರಚನೆಗಳು ಈ ಇಳಿಜಾರನ್ನು ಭೇದಿಸಬಾರದು. ಅರ್ಜಿಯಲ್ಲಿ ನಿವೇಶನದ ಸ್ಥಾನ, ನೆಲಮಟ್ಟ ಮತ್ತು ಕಟ್ಟಡದ ಒಟ್ಟು ಎತ್ತರವನ್ನು ಕೇಳುವುದು ಇದಕ್ಕಾಗಿಯೇ. ನೀರಿನ ಟ್ಯಾಂಕು, ಆಂಟೆನಾ ಮುಂತಾದವುಗಳ ಎತ್ತರವನ್ನೂ ಸೇರಿಸಿ ನಿಖರವಾಗಿ ನಮೂದಿಸುವುದು ಅರ್ಜಿದಾರರ ಕರ್ತವ್ಯ. ಇಲ್ಲಿ ಬರೆದ ಒಂದು ತಪ್ಪು ಅಂಕಿಯು ಕಡತದಲ್ಲಿಯೇ ಉಳಿಯುವುದಿಲ್ಲ.

ನಾಗರಿಕರು ಈ ಕೆಳಗಿನ ಅಂಶಗಳನ್ನೂ ಗಮನಿಸುವುದು ಸೂಕ್ತ:

1. ವಿಮಾನ ನಿಲ್ದಾಣದಿಂದ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಪಕ್ಷಿ, ಪ್ರಾಣಿಗಳನ್ನು ಆಕರ್ಷಿಸುವಂತೆ ಬಯಲಿನಲ್ಲಿ ಕಸ, ಮಾಂಸದ ತ್ಯಾಜ್ಯ ಮುಂತಾದವುಗಳನ್ನು ಎಸೆಯುವುದನ್ನು ನಿಯಮಗಳು ನಿಷೇಧಿಸಿವೆ. ಇಂಜಿನಿಗೆ ಸಿಲುಕಿದ ಒಂದು ಹದ್ದು ಇಂಜಿನನ್ನೇ ನಿಲ್ಲಿಸಬಲ್ಲದು.

2. ನಿಲ್ದಾಣದ ಸಮೀಪದಲ್ಲಿ ಅನುಮತಿಯಿಲ್ಲದೆ ಡ್ರೋನ್ ಹಾರಿಸುವುದು, ಇಳಿಯುವ ವಿಮಾನಗಳತ್ತ ಲೇಸರ್ ಬೆಳಕು ಬೀರುವುದು ಅಪಾಯಕಾರಿ.

3. ರನ್‌ವೇ ಸುತ್ತಲಿನ ಬೇಲಿ, ಗೋಡೆಗಳನ್ನು ಕೆಡಿಸಬಾರದು. ಜಾನುವಾರುಗಳು ಒಳಗೆ ನುಗ್ಗದಂತೆ ನೋಡಿಕೊಳ್ಳಬೇಕು.

4. ವಿಮಾನದಲ್ಲಿ ಸೀಟಿನ ಬೆಲ್ಟು, ಸಾಮಾನಿನ ತೂಕ, ನಿಷೇಧಿತ ವಸ್ತುಗಳು ಇವುಗಳಿಗೆ ಸಂಬಂಧಿಸಿದ ಸೂಚನೆಗಳನ್ನು ಪಾಲಿಸಬೇಕು.

ವಿಮಾನದ ಸುರಕ್ಷತೆಯು ವಿಜ್ಞಾನಿ, ಇಂಜಿನಿಯರ್ ಮತ್ತು ಪೈಲಟ್ ಇವರ ಹೊಣೆ ಮಾತ್ರವಲ್ಲ. ನಿಲ್ದಾಣದ ಸುತ್ತಮುತ್ತ ಬಾಳುವ ಪ್ರತಿಯೊಬ್ಬರ ಪಾಲೂ ಅದರಲ್ಲಿದೆ. ಅಳತೆಗೆ ಪ್ರಾಮಾಣಿಕವಾಗಿರುವುದು ಮತ್ತು ತಪ್ಪು ಕಂಡಾಗ ಅದನ್ನು ಮುಚ್ಚಿಡದಿರುವುದು ಪ್ರೊ. ಸತೀಶ್ ಧವನ್ ಅವರ ಜೀವನದ ಸಾರ. ನಮೂನೆಯೊಂದನ್ನು ಸರಿಯಾಗಿ ಭರ್ತಿ ಮಾಡುವ ನಾಗರಿಕನೂ ಅದನ್ನು ಶ್ರದ್ಧೆಯಿಂದ ಪರಿಶೀಲಿಸುವ ನೌಕರನೂ ಆ ಕಾರ್ಯವನ್ನು ತಮ್ಮ ಮಟ್ಟದಲ್ಲಿ ಮುಂದುವರಿಸಿದಂತಾಗುತ್ತದೆ.